ಗಂಗಕ್ಕನ ಜುಲೈ ಮೂವತ್ತೊಂದು

ಅಡಿಕೆ ಮಾರಾಟ ಸಂಘದ ಅಂಗಳದಲ್ಲಿ ಚೀಲ ಇಳಿಸಿದವರಿಗೆ ದರ ತಿಳಿಯುವವರೆಗೆ ಕೂರಲು ಒಂದು ಜಾಗ ಬೇಕು. ವಜ್ರಳ್ಳಿಯಿಂದ ಮೊದಲ ಬಸ್ಸಿಗೆ ಹೊರಟವರು, ನಮ್ಮ ಹೇರೂರ ಕಡೆಯಿಂದ ಟೆಂಪೋದಲ್ಲಿ ಚೀಲದ ಮೇಲೇ ಕೂತು ಬಂದವರು, ಎಲ್ಲರೂ ಶಿರಸಿಯಲ್ಲಿ ಬಂದು ಕೂರುತ್ತಿದ್ದದ್ದು ಗಂಗಕ್ಕನ ಕ್ಯಾಂಟೀನಿನಲ್ಲಿ. ಅಂಗಳದ ಮೂಲೆಯಲ್ಲಿ ಸಂಘದವರೇ ಕಟ್ಟಿಸಿದ ಎರಡು ಕೋಣೆ, ಮುಂದೆ ತಗಡಿನ ಮಾಡು, ಅದರ ಕೆಳಗೆ ಬೆಂಚುಗಳು. ಬೆಳಿಗ್ಗೆ ಬನ್ಸು, ಅವಲಕ್ಕಿ, ಚಹಾ, ಕಷಾಯ. ಮಧ್ಯಾಹ್ನ ಅನ್ನ, ತಂಬುಳಿ, ಒಂದು ಪಲ್ಯ. ನಾನು ಅಲ್ಲಿ ಕಾಯಿ ತುರಿಯುವವಳು, ತರಕಾರಿ ಹೆಚ್ಚುವವಳು. ಗಂಗಾ ನನಗೆ ದೂರದ ಸಂಬಂಧದಲ್ಲಿ ತಂಗಿಯಾಗಬೇಕು. ಕ್ಯಾಂಟೀನು ಶುರುವಾದ ದಿನ ಮೆಟ್ಟುಗತ್ತಿಯ ಮುಂದೆ ಕೂತವಳು ನಾನು, ಅದು ಅವಳ ಕೈಬಿಟ್ಟ ದಿನವೇ ಎದ್ದದ್ದು. ಹೆಚ್ಚುವ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು.

ಗಂಗೆಯ ಗಂಡ ತಿಮ್ಮಣ್ಣ ಭಟ್ಟ ಉಮ್ಮಚಗಿಯವನು, ಅಡಿಗೆ ಕೆಲಸದವನು. ಹಿಸ್ಸೆಯಲ್ಲಿ ಬಂದ ತೋಟ ಹೆಸರಿಗೆ ಮಾತ್ರ. ಮದುವೆ ಮುಂಜಿ ಶುರುವಾದರೆ ಸೌಟು ಹಿಡಿದು ಊರೂರು ತಿರುಗುತ್ತಿದ್ದ. ತೊಂಬತ್ತೆರಡೋ ತೊಂಬತ್ಮೂರೋ ಇರಬೇಕು, ಸಂಘದವರು ಕ್ಯಾಂಟೀನು ನಡೆಸುವವರನ್ನು ಹುಡುಕುತ್ತಿದ್ದಾರೆ ಎಂದು ಅವನ ಕಿವಿಗೆ ಬಿತ್ತು. ಕರಾರಿಗೆ ಸಹಿ ಹಾಕುವ ದಿನ ಅವನು ಯಾವುದೋ ಮದುವೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದ. ಗಂಗೆಯೇ ಹೋದಳು. ನಾಲ್ಕನೇ ಇಯತ್ತೆ ಓದಿದವಳು. ರಂಗೋಲಿ ಎಳೆದ ಹಾಗೆ ಒಂದೊಂದೇ ಅಕ್ಷರ ಎಳೆದು 'ಗಂಗಾ ತಿಮ್ಮಣ್ಣ ಭಟ್ಟ' ಎಂದು ಬರೆದಳು. ಹಾಗೆ ಕ್ಯಾಂಟೀನು ಅವಳ ಹೆಸರಿಗಾಯಿತು. ಮೂರು ವರ್ಷಕ್ಕೊಮ್ಮೆ ಹೊಸ ಕರಾರು.

ಅವಳಿಗೆ ಮಕ್ಕಳಾಗಲಿಲ್ಲ. ಆದರೆ ಶಾಂತಾರಾಮ ಇದ್ದ. ಅವನು ಮೈದುನ, ತಿಮ್ಮಣ್ಣನಿಗಿಂತ ಬಹಳ ಚಿಕ್ಕವನು. ಗಂಗಾ ಮದುವೆಯಾಗಿ ಬಂದಾಗ ಇನ್ನೂ ಅತ್ತಿಗೆಯ ಸೆರಗು ಹಿಡಿದು ಮಲಗುವ ಮಗು. ಮುಂದೆ ಶಿರಸಿಯಲ್ಲಿ ಅವಳ ಬಾಡಿಗೆ ಮನೆಯಲ್ಲೇ ಇದ್ದು ಬಿ.ಕಾಂ. ಮುಗಿಸಿದ. ಪೇಟೆಯ ಒಬ್ಬ ತೆರಿಗೆ ವಕೀಲರ ಹತ್ತಿರ ಕೆಲವು ಕಾಲ ಬರೆದುಕೊಂಡಿದ್ದು, ಆಮೇಲೆ ತಾನೇ ಒಂದು ಕೋಣೆ ಹಿಡಿದು ಬೋರ್ಡು ಹಾಕಿದ. ಸಣ್ಣ ಅಂಗಡಿಗಳವರ ಲೆಕ್ಕ ಬರೆಯುವುದು, ಆದಾಯ ತೆರಿಗೆಯ ರಿಟರ್ನು ತುಂಬಿಸುವುದು ಅವನ ಕೆಲಸ. ಆಮೇಲೆ ಸಂಘದವರೂ ಅವನ ಹತ್ತಿರ ಲೆಕ್ಕ ಬರೆಸತೊಡಗಿದರು. ಗಂಗೆಗೆ ಅದೆಂಥ ಹೆಮ್ಮೆ! ಚಹಾ ಕುಡಿಯಲು ಬಂದವರಿಗೆಲ್ಲ "ನಮ್ಮ ಶಾಂತಾರಾಮನ ಬೋರ್ಡು ನೋಡಿದ್ರಾ?" ಎಂದು ಕೇಳುವುದೇ ಕೇಳುವುದು.

ಅವಳ ರಿಟರ್ನಿನ ವಿಷಯ ಮೊದಲು ಎತ್ತಿದವನೂ ಅವನೇ.

"ಅತ್ತಿಗೆ, ಇನ್ನು ಎಲ್ಲ ಬರ್ದಿಡವು. ವ್ಯಾಪಾರ ಬೆಳದ್ದು. ಒಂದಿನ ಯಾರಾದ್ರೂ ಬಂದು ಕೇಳ್ತ."

"ಯಂಗೆ ಬರವಣಿಗೆ ಎಲ್ಲಿ ಬತ್ತು ತಮಾ?"

"ನೀ ಬನ್ಸು ಕರಿ, ಆನು ಬರೀತೆ. ತಾರೀಖು ತಪ್ಪದಂಗೆ ನೋಡ್ಕಂಬದು ಯನ್ನ ಜವಾಬ್ದಾರಿ."

ಮೊದಮೊದಲು ಕಡೆಯ ತಾರೀಖು ಆಗಸ್ಟಿನಲ್ಲಿತ್ತು, ಆಮೇಲೆ ಜುಲೈ ಮೂವತ್ತೊಂದಕ್ಕೆ ಬಂತು. ಗಂಗಾ ಆ ತಾರೀಖನ್ನು ಹಬ್ಬದ ಹಾಗೆ ಹಿಡಿದಳು. ಶಾಂತಾರಾಮ ಅರ್ಜಿ ತುಂಬಿ ತಂದ ದಿನ ಮಿಂದು, ದೇವರ ಮುಂದೆ ದೀಪ ಹಚ್ಚಿ, ಮಣೆಯ ಮೇಲೆ ಅರ್ಜಿ ಇಟ್ಟು, ಅದರ ಮೂಲೆಗೆ ಕುಂಕುಮ ಹಚ್ಚಿ, ಕೈ ಮುಗಿದ ಮೇಲೇ ಸಹಿ. ಮೊದಲ ವರ್ಷ ಅವನು ನಗುತ್ತ ವಾಪಸು ಬಂದ.

"ಅತ್ತಿಗೆ, ಇದು ಲಗ್ನಪತ್ರಿಕೆ ಅಲ್ಲ. ಯಾರ ಮದುವೆ ಹೇಳಿ ಗುಮಾಸ್ತ ಕೇಳಿದ."

"ಮದುವೆ ಆದ್ರೆ ಒಂದೇ ದಿನ. ಇದು ವರ್ಷ ವರ್ಷ ಬಪ್ಪದು. ಕುಂಕುಮ ಇರ್ಲಿ."

"ಹಂಗಾರೆ ಹಿಂದ್ಗಡೆ ಹಚ್ಚು."

ಅಂದಿನಿಂದ ಕುಂಕುಮ ಹಿಂಬದಿಗೆ ಹೋಯಿತು, ಸಾಸಿವೆಯಷ್ಟು.

ತನ್ನದೊಂದೇ ಅಲ್ಲ, ಊರವರ ತಾರೀಖನ್ನೂ ಅವಳೇ ಕಾಯುತ್ತಿದ್ದಳು. ಜುಲೈ ಅರ್ಧ ಕಳೆಯಿತೆಂದರೆ ಚಹಾ ಕುಡಿಯಲು ಬಂದ ಅಂಗಡಿಯವರೆಲ್ಲರಿಗೂ "ನಿಂದು ತುಂಬಿ ಆತಾ?" ಎಂಬ ಪ್ರಶ್ನೆ. ಅದರಲ್ಲೂ ಪಂಪ್‌ಸೆಟ್ ಅಂಗಡಿಯ ಕಿಶೋರನನ್ನು ಬಿಡುತ್ತಿರಲಿಲ್ಲ. ಅವನು ಯಾವ ವರ್ಷವೂ ಕಡೆಯ ದಿನದ ಮೊದಲು ಕೊಟ್ಟವನಲ್ಲ.

"ಕಿಶೋರ, ನಿಂಗೆ ರಿಟರ್ನು ತುಂಬವರೆಗೆ ಬನ್ಸು ಕೊಡ್ತಿಲ್ಲೆ."

"ಸರ್ಕಾರಕ್ಕಿಂತ ನಿಂದೇ ಕಾಟ ಜಾಸ್ತಿ ಮಾರಾಯ್ತಿ. ಅವ್ವು ದಂಡ ಹಾಕ್ತ, ನೀನು ಉಪಾಸ ಕೆಡಗ್ತೆ."

ಎರಡು ಸಾವಿರದ ಮೂರೋ ನಾಲ್ಕೋ. ಜುಲೈ ತಿಂಗಳಲ್ಲಿ ಉಮ್ಮಚಗಿಯಲ್ಲಿ ಗಂಗೆಯ ಅತ್ತೆ ತೀರಿಕೊಂಡಳು. ಕ್ಯಾಂಟೀನಿಗೆ ಬೀಗ ಹಾಕಿ ಎಲ್ಲರೂ ಊರಿಗೆ ಹೋದರು. ಹತ್ತು ದಿನ ಸೂತಕ. ಮನೆಯವರು ದೇವರ ಕೋಣೆಗೆ ಹೋಗುವ ಹಾಗಿಲ್ಲ, ಗಂಡಸರು ಕ್ಷೌರ ಮಾಡಿಸುವ ಹಾಗಿಲ್ಲ, ಹೊರಗಿನವರನ್ನು ಮುಟ್ಟುವ ಹಾಗಿಲ್ಲ. ದೇವರ ಮುಂದೆ ದೀಪ ಹಚ್ಚುವುದಕ್ಕೆ ಸೂತಕವಿಲ್ಲದ ಒಂದು ಕೈ ಬೇಕೆಂದು ನನ್ನನ್ನು ಕರೆಸಿಕೊಂಡರು. ನಾನು ಅವರ ಕುಲದವಳಲ್ಲವಲ್ಲ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಗಂಗಾ ಮೈದುನನ ಹತ್ತಿರ ಮಾತು ತೆಗೆದಳು. ನಾನು ಬತ್ತಿ ಹೊಸೆಯುತ್ತಿದ್ದೆ.

"ತಮಾ, ಈ ಸಲ ಮೂವತ್ತೊಂದು ಸೂತಕದ ಒಳಗೇ ಬತ್ತಲ. ಎಂತ ಮಾಡುದು?"

ಶಾಂತಾರಾಮ ಬೆಳೆದ ಗಡ್ಡ ಸವರಿಕೊಂಡ. "ಸೂತಕದಲ್ಲಿ ನೀ ಸಹಿ ಹಾಕ್ತ್ಯಾ?"

"ಹೆಂಗೆ ಹಾಕ್ಲಿ? ದೀಪಕ್ಕೇ ಕೈ ಹಚ್ಚಲಾಗ."

"ಅದಕ್ಕೇ ಆನು ಆಫೀಸಿಗೆ ಫೋನ್ ಮಾಡಿ ಕೇಳಿದ್ದೆ. ಅಲ್ಲಿದ್ದವೂ ಮನುಷ್ಯರೇ. ಸಾವಾದ ಮನೆಯವಕ್ಕೆ ಶುದ್ಧ ಆದಮೇಲೆ ಒಂದು ವಾರ ಅವಕಾಶ ಇದ್ದಡ. ನೀ ಅದರ ಚಿಂತೆ ಬಿಡು."

ಅಲ್ಲಿ ಕೂತಿದ್ದ ಹಿರಿಯರೂ ಹೌದು ಹೌದೆಂದು ತಲೆಯಾಡಿಸಿದರು. ಇದು ಯಾರಿಗೂ ಅಸಾಧ್ಯವಾಗಿ ಕಾಣಲಿಲ್ಲ. ನಮ್ಮ ಕಡೆ ಸೂತಕ ಬಂದರೆ ಮದುವೆ ಮುಂದೆ ಹೋಗುತ್ತದೆ, ಹಬ್ಬ ನಿಲ್ಲುತ್ತದೆ, ಸೊಸೈಟಿಯವನು ಬಾಕಿ ಕೇಳಲು ಬಂದವನು ಬೇಲಿಯ ದಣಪೆಯ ಹತ್ತಿರವೇ ನಿಂತು, "ಹನ್ನೆರಡು ಕಳೀಲಿ, ಬತ್ತೆ" ಎಂದು ತಿರುಗುತ್ತಾನೆ. ಸರ್ಕಾರವೂ ಹಾಗೇ ದಣಪೆಯ ಆಚೆ ನಿಂತು ಕಾಯುತ್ತದೆ ಎಂದು ಗಂಗಾ ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ. ಹೇಳಿದವನು ಬೇರೆ ಶಾಂತಾರಾಮ.

ಮೂವತ್ತೊಂದರ ಬೆಳಿಗ್ಗೆ ಅವನು ಬೈಕು ಹೊರಗೆ ತೆಗೆದ. ಹನ್ನೊಂದನೇ ದಿನಕ್ಕೆ ಎಳ್ಳು, ದರ್ಭೆ, ಪಂಚೆ ತರಬೇಕು, ಶಿರಸಿಗೆ ಹೋಗಿ ಬರುತ್ತೇನೆ ಎಂದ. ಗಂಗಾ ಒಳಗಿನಿಂದಲೇ, "ಮಳೆ ಇದ್ದು, ತಲೆಗೆ ಎಂತಾರೂ ಹಾಕ್ಯ" ಎಂದಳು. ಸಂಜೆಗೆ ಸಾಮಾನಿನ ಜತೆ ಅವಳಿಗೊಂದು ಕೆಮ್ಮಿನ ಔಷಧಿಯನ್ನೂ ತಂದ. ಆ ವಾರವೆಲ್ಲ ಅವಳು ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಳು. ಅವಳು ಹೇಳಿರಲಿಲ್ಲ, ಅವನಾಗಿಯೇ ನೆನಪಿಟ್ಟು ತಂದದ್ದು. "ನೋಡಿದ್ಯ ಅಕ್ಕಾ" ಎಂದು ಬಾಟಲಿಯನ್ನು ನನಗೆ ತೋರಿಸಿದಳು.

ವೈಕುಂಠ ಸಮಾರಾಧನೆ ಮುಗಿಸಿ ಶಿರಸಿಗೆ ಬಂದ ಮೇಲೆ ದೀಪ ಹಚ್ಚಿ, ಕುಂಕುಮ ಇಟ್ಟು, ಸಹಿ ಹಾಕಿದಳು. ಅವನು ಒಯ್ದು ಕೊಟ್ಟು ಬಂದ. ಕಚೇರಿಯ ಮೊಹರು ಹಾಕಿದ ಚೀಟಿ ಎಂದಿನಂತೆ ಬಂತು, ಎಂದಿನಂತೆ ದೇವರ ಫೋಟೋದ ಹಿಂದೆ ಹೋಯಿತು.

ಮುಂದಿನ ಬೇಸಿಗೆಯ ಮೊದಲಲ್ಲಿ ಕರಾರು ಮುಗಿಯುವುದಿತ್ತು. ಅರ್ಜಿ ಕೇಳಲು ಗಂಗಾ ಸಂಘದ ಕಚೇರಿಗೆ ಹೋದಳು, ಜತೆಗೆ ನಾನೂ ಹೋದೆ. ಕಾರ್ಯದರ್ಶಿ ಕೆರಿಯಪ್ಪ ಮುಂಡಗೋಡದ ಆಚೆಯವರು, ನೇರ ಮಾತಿನ ಮನುಷ್ಯ. ಮಧ್ಯಾಹ್ನದ ಊಟ ಯಾವಾಗಲೂ ಗಂಗೆಯ ಕ್ಯಾಂಟೀನಿನಲ್ಲೇ.

"ಈ ಸರ್ತಿ ಹೊಸಾ ನಿಯಮ ಮಾಡ್ಯಾರ ನೋಡ್ರಿ ಗಂಗಮ್ಮಾರ. ಹಿಂದಿನ ಮೂರು ವರ್ಷದ ರಿಟರ್ನು ಮುದತಿನೊಳಗ ಕೊಟ್ಟವರಿಗಷ್ಟ ಕ್ಯಾಂಟೀನು."

ಗಂಗಾ ನಕ್ಕುಬಿಟ್ಟಳು. "ಅದರಲ್ಲಿ ನಂಗೇನು ಹೆದರಿಕೆ? ಈ ಪೇಟೆಗೆಲ್ಲ ತಾರೀಖು ನೆನಪು ಮಾಡೋದೇ ನಾನು."

"ಅದ ನನಗೂ ಗೊತ್ತದ. ಚೀಟಿ ತಂದು ತೋರ್ಸಿಬಿಡ್ರಿ, ಆತು."

ಫೋಟೋದ ಹಿಂದಿನ ಚೀಟಿಗಳನ್ನು ತಂದು ತೋರಿಸಿದಳು. ಕೆರಿಯಪ್ಪ ಕನ್ನಡಕ ಏರಿಸಿ ನೋಡಿದರು, ಇಳಿಸಿ ಇನ್ನೊಮ್ಮೆ ನೋಡಿದರು. "ಹೋದ ವರ್ಷದ್ದು ಆಗಸ್ಟಿನಾಗ ಐತಲ್ರೀ."

"ಅತ್ತೆ ಹೋಗಿದ್ರು. ಸೂತಕ. ಸೂತಕಕ್ಕೆ ವಾಯಿದೆ ಇದೆಯಲ್ಲ."

"ಸೂತಕಕ್ಕ ವಾಯಿದೆನಾ? ಆದಾಯ ತೆರಿಗಿಯವರು ಕೊಡ್ತಾರ? ಯಾರ್ ಹೇಳಿದ್ರಿ ನಿಮಗ?"

ಗಂಗಾ ಹೆಸರು ಹೇಳಲಿಲ್ಲ. ತೆರಿಗೆ ಕಚೇರಿಯವರದೇ ಏನೋ ತಪ್ಪಿರಬೇಕು ಎಂದು ಅವಳ ಲೆಕ್ಕ. ಆದರೆ ಕಾಲು ಮಾತ್ರ ನೇರ ಶಾಂತಾರಾಮನ ಕೋಣೆಗೆ ನಡೆಯಿತು. ಕ್ಯಾಂಟೀನು ಹೋದರೆ ಅವಳಿಗೆ ಬೇರೆ ಎಂತದೂ ಇರಲಿಲ್ಲ. ತಿಮ್ಮಣ್ಣನ ಕಾಲು ಆಗಲೇ ಊದುತ್ತಿತ್ತು, ಊರೂರು ತಿರುಗುವ ಶಕ್ತಿ ಕುಂದುತ್ತ ಬಂದಿತ್ತು.

ಶಾಂತಾರಾಮ ಅವಳನ್ನು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿಸಿಕೊಂಡ.

"ಫೋನಿನಲ್ಲಿ ಹೇಳಿದವ ವರ್ಗ ಆಗಿ ಹೋದ ಅತ್ತಿಗೆ. ಬಾಯಿಮಾತು, ಬರಹದಲ್ಲಿ ಇಲ್ಲೆ. ಎಂತ ಮಾಡುದು, ಗ್ರಹಚಾರ. ಆಯಿ ಅದೇ ವೇಳೆಗೆ ಹೋಗವಾ?"

ಗಂಗಾ ಕಣ್ಣೊರೆಸಿಕೊಂಡಳು. ಅವನು ಮೆಲ್ಲಗೆ ಹೇಳಿದ:

"ಒಂದು ದಾರಿ ಇದ್ದು. ಅರ್ಜಿ ಯನ್ನ ಹೆಸರಲ್ಲಿ ಹಾಕ್ತೆ. ಹೆಸರು ಯಂದು, ಒಲೆ ನಿಂದು. ಹೊರಗಿನವ ಬಂದು ಕೂರದು ತಪ್ತು."

"ನೀ ಇದ್ದೆ ಹೇಳೇ ಯಂಗೆ ಧೈರ್ಯ ತಮಾ" ಎಂದಳು ಗಂಗಾ. ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಅಂದಳು. ನಾನು ಹೂಂ ಅಂದೆ. ಅವನಿಗಾದರೂ ಮುದತಿನೊಳಗೆ ಕೊಟ್ಟ ಚೀಟಿ ಹೇಗೆ ಬಂತು, ಅವನಿಗೂ ಅದೇ ಸೂತಕ ಇತ್ತಲ್ಲ ಎಂದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಲೆಕ್ಕದ ಕೆಲಸದವನು, ಅವನದು ಯಾವತ್ತೋ ಕೊಟ್ಟಾಗಿರುತ್ತದೆ ಎಂದೇ ಇದ್ದೆವು.

ಕ್ಯಾಂಟೀನಿನ ಅರ್ಜಿ ಕೊಡುವ ದಿನ ಮುಗಿದ ಮಾರನೇ ದಿನ ಕಿಶೋರ ಬಂದ. ಮಂಗಳವಾರ, ಸಂತೆಯ ದಿನ, ಬೆಂಚುಗಳು ತುಂಬಿದ್ದವು. ಬನ್ಸು ಮುರಿಯುತ್ತ ಪಕ್ಕದವರಿಗೆ ಏನೋ ಹೇಳಿ ನಗಿಸುತ್ತಿದ್ದವನು, ಗಂಗಾ ಚಹಾ ತಂದಿಡುವಾಗ ತಿರುಗಿದ.

"ಗಂಗಕ್ಕಾ, ಕ್ಯಾಂಟೀನು ಇನ್ನು ಶಾಂತಾರಾಮನ ಹೆಸರಿಗಡ? ಹುಷಾರಿ ಮನುಷ್ಯ ಅಂವ. ಅಂವಂದೊಂದು ಮಜಾ ನಿಂಗೆ ಹೇಳಿದ್ನೇ ಇಲ್ಲೆ. ಹೋದ ಜುಲೈ ಕಡೇ ದಿನ, ರಿಟರ್ನು ಕೊಡಲೆ ಆನು ಕ್ಯೂನಲ್ಲಿ ನಿಂತಿದ್ದೆ. ಕ್ಯೂ ಹೊರಗೆ ಮೆಟ್ಟಿಲವರೆಗೆ. ಇಂವ ಬಂದ, ಗಡ್ಡ ಬಿಟ್ಗಂಡು, ಹಣೆಗೆ ಗಂಧ ಇಲ್ಲೆ. ಬಂದವನೇ 'ಸೂತಕ, ಯಾರೂ ಮುಟ್ಟಡಿ' ಹೇಳಿದ. ಎದುರಿಗೆ ಇದ್ದವೆಲ್ಲ ನಮ್ಮವೇಯ. ಒಬ್ಬ ಆಚೆ ಸರಿದ, ಇನ್ನೊಬ್ಬ ಈಚೆ ಸರಿದ. ನೋಡ್ತಾ ನೋಡ್ತಾ ಇಂವ ಗುಮಾಸ್ತನ ಎದುರಿಗೆ! ಅರ್ಜಿ ಕೊಟ್ಟ, ಚೀಟಿ ತಗಂಡ, ಹೋದ. ಯಂಗ ಮಧ್ಯಾಹ್ನದವರೆಗೆ ನಿಂತ್ಗಂಡೇ ಇದ್ಯ."

ಬೆಂಚಿನವರೆಲ್ಲ ನಕ್ಕರು. ಒಬ್ಬ ಹಿಂದಿನಿಂದ, "ಮುಂದಿನ ಜುಲೈಗೆ ಯಂಗೂ ಒಂದು ಸೂತಕ ಎರವಲು ಬೇಕು ಮಾರಾಯ" ಅಂದ. ಮತ್ತೂ ನಕ್ಕರು.

ನನ್ನ ಕೈಯಲ್ಲಿ ಸೌತೆಕಾಯಿ ಹಾಗೇ ಉಳಿಯಿತು. ಗಂಗಾ ಚಹಾದ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. ಕಿಶೋರನ ಎದುರಿಗೆ ಬಂದು ಕೂತಳು. ಗಿರಾಕಿಗಳ ನಡುವೆ ಅವಳು ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಕಿಶೋರ, ಮತ್ತೊಂದು ಸಲ ಹೇಳು."

ಕಿಶೋರನಿಗೆ ಖುಷಿಯಾಯಿತು. ಎರಡನೆಯ ಸಲ ಎದ್ದು ನಿಂತು, ಶಾಂತಾರಾಮ ಕೈ ಮೇಲೆತ್ತಿದ್ದು, ಪಂಚೆ ಒಟ್ಟು ಮಾಡಿಕೊಂಡಿದ್ದು, ಜನ ಸರಿದದ್ದು, ಎಲ್ಲ ಮಾಡಿ ತೋರಿಸಿದ. ಗಂಗಾ ಪೂರ್ತಿ ನೋಡಿದಳು.

"ಅವತ್ತು ಕೊಟ್ಟಿದ್ದು ಅವಂದೇ ರಿಟರ್ನಾ?"

"ಅವಂದೇಯ. ಮತ್ತೆ ಯಾರದ್ದು? ನಿಂದೂ ಒಟ್ಟಿಗೇ ಕೊಟ್ಟಿಕ್ಕು."

"ಹೂಂ" ಎಂದು ಎದ್ದಳು. ಒಳಗೆ ಬಂದವಳು ನನ್ನ ಹತ್ತಿರ, "ಅಕ್ಕಾ, ಸ್ವಲ್ಪ ಒಲೆ ನೋಡ್ಕ್ಯ" ಎಂದು ಹೇಳಿ, ಸೀದಾ ಅಂಗಳ ದಾಟಿ ಕೆರಿಯಪ್ಪನವರ ಕಚೇರಿಗೆ ಹೋದಳು. ಒಲೆಯನ್ನು ಬೇರೆಯವಳಿಗೆ ಒಪ್ಪಿಸಿ ನಾನೂ ಹಿಂದೆಯೇ ಹೋದೆ. ಅವಳೊಬ್ಬಳನ್ನೇ ಬಿಡುವ ಹಾಗಿರಲಿಲ್ಲ.

ಅವಳು ಕೇಳಿದ್ದು ಒಂದೇ. ಒಂದು ವರ್ಷ, ಒಂದೇ ವಾರ ತಡವಾದದ್ದಕ್ಕೆ ಈ ನಿಯಮ ಸಡಿಲ ಮಾಡಲು ಆಗುವುದಿಲ್ಲವೇ ಎಂದು.

ಕೆರಿಯಪ್ಪ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತರು. "ನನ್ನ ಕೈಯಾಗ ಇದ್ದಿದ್ರ ಮಾಡಿಬಿಡ್ತಿದ್ದೆ ತಾಯಿ. ನಿಮ್ಮ ಅನ್ನ ಉಂಡವ ನಾನು. ಆದರ ಕಮಿಟಿಯವರು ಒಪ್ಪಿಬಿಟ್ಟಾರ. ಮತ್ತ, ನಿಮ್ಮ ಮನಿಯವರ ಮಾಡಿದ್ದನ್ನ ನನ್ನ ಕೇಳಿದ್ರ ನಾ ಏನು ಹೇಳ್ಲಿ?"

"ಮನೆಯವರು ಮಾಡಿದ್ದು ಯಾವುದು?"

"ನಿಮಗ ಗೊತ್ತಿಲ್ಲೇನ್ರಿ? ಈ ನಿಯಮ ಬರ್ದು ಕೊಟ್ಟವರು ನಿಮ್ಮ ಮೈದುನಾರು. ದೀಪಾವಳಿ ಮುಂದ. ಲೆಕ್ಕ ಸರಿ ಇರೋರಿಗೇ ಕೊಡಬೇಕು ಅಂತ ಅವರ ಮೀಟಿಂಗಿನಾಗ ಮಾತಾಡಿದ್ರು. ನಾನು ಅಂದ್ಕೊಂಡೆ, ಅತ್ತಿಗಿಗೆ ಅನುಕೂಲ ಆಗ್ಲಿ ಅಂತ ಮಾಡ್ಯಾರ ಅಂತ. ನಿಮ್ಮದು ಯಾವತ್ತೂ ತಪ್ಪಿದ್ದ ಇಲ್ಲಲ್ಲ."

ಹೊರಗೆ ಬಂದೆವು. ಅಂಗಳದಲ್ಲಿ ಒಬ್ಬ, "ಗಂಗಕ್ಕಾ, ಊಟ ಆತಾ?" ಎಂದು ಕೇಳಿದ. "ಆತು, ಬನ್ನಿ" ಎಂದಳು. ಆ ದಿನ ಎಲ್ಲರಿಗೂ ಬಡಿಸಿದಳು. ತಂಬುಳಿಗೆ ಉಪ್ಪೂ ಸರಿಯಾಗಿತ್ತು.

ಭಾನುವಾರ ಶಾಂತಾರಾಮ ಊಟಕ್ಕೆ ಬಂದ. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಭಾನುವಾರದ ಊಟ ಅವನಿಗೆ ಅತ್ತಿಗೆಯ ಮನೆಯಲ್ಲೇ. ಗಂಗಾ ಬಾಳೆ ಹಾಕಿ, ಬಡಿಸಿ, ಅವನು ಮೊದಲ ತುತ್ತು ಎತ್ತುವಾಗ ಕೇಳಿದಳು.

"ತಮಾ, ಅವತ್ತು ಕ್ಯೂನಲ್ಲಿ ಯಾರಾದ್ರೂ ನಿನ್ನ ಮುಟ್ಟಿದ್ವಾ?"

"ಯಾವ ಕ್ಯೂ?"

"ಆಯಿದು ಸೂತಕ ಇದ್ದಾಗಿಂದು."

ಅವನು ತುತ್ತು ಬಾಳೆಯ ಮೇಲೆ ಬಿಟ್ಟ. "ಕಿಶೋರ ಹೇಳಿದ್ನಾ?"

"ಯಾರೂ ಮುಟ್ಟಿದ್ವಿಲ್ಲೆ ಅಲ್ದಾ? ನಮ್ಮ ಜನ ಒಳ್ಳೆಯವು. ಜಾಗ ಬಿಟ್ಕೊಟ್ಟ."

"ಅತ್ತಿಗೆ, ಕಚೇರಿ ಕಾಗದಕ್ಕೆ ಸೂತಕ ಹೇಳಿ ಇಲ್ಲೆ. ಎಲ್ಲರಿಗೂ ಗೊತ್ತಿದ್ದಿದ್ದೇಯ."

"ಯಂಗೆ ಗೊತ್ತಿತ್ತಿಲ್ಲೆ. ಯಂಗೆ ಗೊತ್ತಿಲ್ಲೆ ಹೇಳದು ನಿಂಗೆ ಗೊತ್ತಿತ್ತು."

"ಹೇಳಿದ್ರೂ ನೀ ಸೂತಕದಲ್ಲಿ ಸಹಿ ಹಾಕ್ತಿದ್ದಿಲ್ಲೆ."

"ಹೇಳಿ ನೋಡವಾಗಿತ್ತು. ಫೋನ್ ಮಾಡಿದ್ದೆ ಹೇಳಿದ್ಯಲ, ಅದಾದ್ರೂ ನಿಜವನಾ?"

ಅವನು ಬಾಳೆಯ ಅಂಚನ್ನು ಸಣ್ಣಗೆ ಸೀಳುತ್ತ ಕೂತ. ಆಮೇಲೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ: "ಆನು ಎಷ್ಟು ಕಾಲ ಕಂಡವರ ಲೆಕ್ಕ ಬರ್ಕಂಡು ಇರ್ಲಿ? ಯಂಗೂ ಸಂಸಾರ ಆತು."

"ಕೇಳಿದ್ರೆ ಕೊಡ್ತಿದ್ದೆ. ಯಂಗೆ ಮತ್ತೆ ಯಾರಿದ್ದ?"

"ಕೇಳಿ ತಗಂಡ್ರೆ ಅದು ಸಾಯ್ವವರೆಗೂ ನಿಂದೇ ಆಗಿರ್ತಿತ್ತು ಅತ್ತಿಗೆ. ಅತ್ತಿಗೆ ಕೊಟ್ಟಿದ್ದು, ಅತ್ತಿಗೆ ಓದ್ಸಿದ್ದು, ಅತ್ತಿಗೆ ಸಾಕಿದ್ದು. ಯಂಗೂ ಸಾಕಾಗಿತ್ತು."

ನಾನು ಒಳಕೋಣೆಯ ಬಾಗಿಲಿನಲ್ಲಿ ಕೂತಿದ್ದೆ. ಸಾಕಿದ್ದು ಎಂಬ ಮಾತನ್ನು ಅವನು ಹೇಳಿದ ಬಗೆ ನನಗೂ ನಾಟಿತು. ಗಂಗಾ ಎದ್ದಳು. ಬೈಯುತ್ತಾಳೇನೋ ಎಂದುಕೊಂಡೆ.

"ಮಜ್ಜಿಗೆ ಬೇಕಾ?" ಎಂದಳು.

ಅವನು ಹಾಕಿಸಿಕೊಂಡ, ಉಂಡ, ಕೈ ತೊಳೆದು ಹೋದ. ಆಮೇಲೆ ಭಾನುವಾರಗಳಲ್ಲಿ ಬರಲಿಲ್ಲ.

ತಿಮ್ಮಣ್ಣ ಆ ವಾರ ಯಲ್ಲಾಪುರದ ಕಡೆ ಒಂದು ಮದುವೆ ಮುಗಿಸಿ ಬಂದ. ಗಂಗಾ ಎಲ್ಲ ಹೇಳಿದಳು. ತನ್ನ ಪರವಾಗಿ ಅವನು ತಮ್ಮನಿಗೆ ಎರಡು ಮಾತು ಹೇಳಿಯಾನು ಎಂಬ ಆಸೆ ಅವಳಿಗಿತ್ತು ಎಂದು ನನಗೆ ಗೊತ್ತು. ಅವನು ಊದಿದ ಕಾಲನ್ನು ನೀವಿಕೊಳ್ಳುತ್ತ ಕೇಳಿದ. "ಹೊರಗಿನವಂಗೆ ಹೋಜಿಲ್ಲೆ ಅಲ್ದನೇ? ಮನೆಯಲ್ಲೇ ಇದ್ದಲ. ದೊಡ್ಡದು ಮಾಡಡ" ಎಂದ. ಏಪ್ರಿಲಿನಲ್ಲಿ ಹೊಸ ಕ್ಯಾಂಟೀನಿನ ಒಲೆಯ ಮುಂದೆ ಸಂಬಳಕ್ಕೆ ನಿಂತವನೂ ಅವನೇ. ಊರೂರು ತಿರುಗುವುದು ತಪ್ಪಿತಲ್ಲ ಎಂದು ಅವನಿಗೆ ಸಮಾಧಾನ. ಗಂಗೆಗೂ ಶಾಂತಾರಾಮ ಹೇಳಿ ಕಳಿಸಿದ್ದ, ಬಂದರೆ ಸಂಬಳ ಕೊಡುತ್ತೇನೆ ಎಂದು. "ಆನು ಬತ್ತಿಲ್ಲೆ" ಎಂದಷ್ಟೇ ಹೇಳಿ ಕಳಿಸಿದಳು.

ಶಾಂತಾರಾಮ ಬೆಂಚು ತೆಗೆದು ಸ್ಟೀಲಿನ ಟೇಬಲು ಹಾಕಿಸಿದ. ಫ್ರಿಜ್ಜು ಬಂತು, ತಂಪು ಪಾನೀಯ ಬಂತು. ತಗಡಿನ ಮಾಡಿಗೆ ದೊಡ್ಡದೊಂದು ಬೋರ್ಡು ಕಟ್ಟಿದ. 'ಗಂಗಾ ಕ್ಯಾಂಟೀನ್' ಎಂದು ಅದರಲ್ಲಿ ಕೆಂಪು ಅಕ್ಷರದಲ್ಲಿ ಬರೆಸಿದ್ದ. ಅವಳು ನಡೆಸುತ್ತಿದ್ದಷ್ಟು ಕಾಲ ಅಲ್ಲಿ ಬೋರ್ಡೇ ಇರಲಿಲ್ಲ. ಅಡಿಕೆ ತಂದವರು ಅದನ್ನು ಓದಿ, ನೋಡಿ, ಅತ್ತಿಗೆಯ ಮೇಲೆ ಎಷ್ಟು ಗೌರವ ಇಟ್ಟುಕೊಂಡಿದ್ದಾನೆ ಎಂದು ಹೊಗಳಿದರು. ದೇವಿಕೆರೆಯ ಹತ್ತಿರ ಒಂದು ಸಣ್ಣ ಕೋಣೆ ಹಿಡಿದು ಬನ್ಸು, ಚಕ್ಕುಲಿ, ಕಷಾಯದ ಪುಡಿ ಮಾಡಿ ಮಾರುತ್ತಿದ್ದ ಗಂಗೆಯ ಮುಂದೆಯೇ ಬಂದು ಹಾಗೆ ಹೊಗಳಿ ಹೋದವರಿದ್ದಾರೆ. ಅವಳು ಅವರಿಗೂ ಚಕ್ಕುಲಿ ಕಟ್ಟಿಕೊಟ್ಟಳು.

ಜುಲೈ ಬಂದಾಗ ಯಾರನ್ನೂ "ತುಂಬಿ ಆತಾ?" ಎಂದು ಕೇಳುವುದನ್ನು ಬಿಟ್ಟುಬಿಟ್ಟಳು. ತನ್ನದನ್ನು ಮಾತ್ರ ಬಿಡಲಿಲ್ಲ. ಕಿಶೋರ ತುಂಬಿಕೊಡುತ್ತಿದ್ದ, ಅವಳೇ ಹೋಗಿ ಕೊಟ್ಟು ಬರುತ್ತಿದ್ದಳು. ತಾನು ನಗುತ್ತ ಹೇಳಿದ ಮಾತಿನಿಂದ ಏನಾಯಿತೆಂದು ಕಿಶೋರನಿಗೆ ಆಮೇಲೆ ತಿಳಿದಿತ್ತು. ಅವಳ ಎದುರಿಗೆ ಅವನ ತಮಾಷೆ ಕಡಿಮೆಯಾಯಿತು.

ಮೂರು ನಾಲ್ಕು ವರ್ಷ ಕಳೆದಿರಬೇಕು. ಮತ್ತೆ ಜುಲೈ ಕಡೆಗೇ ಒಂದು ಸಾವಾಯಿತು, ತಿಮ್ಮಣ್ಣನ ದೊಡ್ಡಪ್ಪ. ಹತ್ತು ದಿನದ ಸೂತಕವೇ. ಮೂವತ್ತೊಂದರ ಬೆಳಿಗ್ಗೆ ಗಂಗಾ ನನ್ನ ಮನೆಯ ಬಾಗಿಲಿಗೆ ಬಂದು ಹೊರಗೇ ನಿಂತು, "ಅಕ್ಕಾ, ಜತೆಗೆ ಬತ್ಯಾ?" ಎಂದಳು. ಕೈಯಲ್ಲಿ ಅರ್ಜಿ ಇತ್ತು. ಸಹಿ ಹಾಕಿ ಆಗಿತ್ತು. ಹಿಂಬದಿಯಲ್ಲಿ ಕುಂಕುಮ ಇರಲಿಲ್ಲ. ಯಾವತ್ತೂ ಮಡಿ ಮೈಲಿಗೆ ಬಿಟ್ಟವಳಲ್ಲ. ನಾನು ಏನೂ ಕೇಳದೆ ಚಪ್ಪಲಿ ಮೆಟ್ಟಿದೆ.

ಕಚೇರಿಯಲ್ಲಿ ಕ್ಯೂ ಇತ್ತು. ಅವಳು ಸೂತಕದ ಮಾತು ಎತ್ತಲಿಲ್ಲ. ಎಲ್ಲರ ಹಾಗೆ ಹಿಂದೆ ನಿಂತಳು. ನಿಂತು ನಿಂತು, ಎದುರಿಗೆ ಇನ್ನೊಬ್ಬ ಮಾತ್ರ ಇದ್ದಾಗ ಬಾಗಿಲಿನಲ್ಲಿ ಒಂದು ಸ್ವರ ಕೇಳಿತು.

"ಸೂತಕ. ಸ್ವಲ್ಪ ಜಾಗ ಬಿಡಿ, ಮುಟ್ಟಡಿ."

ಶಾಂತಾರಾಮ. ಅದೇ ಬೆಳೆದ ಗಡ್ಡ, ಒಟ್ಟು ಮಾಡಿ ಹಿಡಿದ ಪಂಚೆ. ಬಗಲಲ್ಲಿ ಅರ್ಜಿ. ಕಿಶೋರ ಮಾಡಿ ತೋರಿಸಿದ್ದಕ್ಕಿಂತ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಜನ ಆಚೆ ಈಚೆ ಸರಿದರು. ಅವನು ನಡೆದು ಬಂದ, ಗಂಗೆಯ ಬೆನ್ನಿನವರೆಗೂ ಬಂದ. ಅವಳು ತಿರುಗಿ ನೋಡಲಿಲ್ಲ, ಸರಿಯಲೂ ಇಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವಳಿಗೆ ಹೇಳಿದರು: "ತಂಗೀ, ಅವಂಗೆ ಸೂತಕ ಇದ್ದಡ. ಜಾಗ ಬಿಡು."

"ಯಂಗೂ ಅದೇ ಸೂತಕ" ಎಂದಳು ಗಂಗಾ. "ಒಂದೇ ಮನೆಯವು ಯಂಗ. ಹಿಂದೆ ನಿಂತ್ಗಳ್ಲಿ."

ಅವಳಿಗೆ ತಾಗಿಕೊಂಡು ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು, ಇಷ್ಟು ಹೊತ್ತು ಹೇಳಬಾರದಿತ್ತಾ ಎಂಬ ಮುಖ ಮಾಡಿದರು. ಅವಳು ಅದನ್ನೂ ನೋಡಲಿಲ್ಲ. ತನ್ನ ಸರದಿ ಬಂದಾಗ ಅರ್ಜಿ ಕೊಟ್ಟಳು, ಚೀಟಿ ತೆಗೆದುಕೊಂಡಳು. ಅಷ್ಟು ಹೊತ್ತೂ ಶಾಂತಾರಾಮ ಅವಳ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಸೂತಕದವನನ್ನು ಸೂತಕದವಳು ಮುಟ್ಟಿದರೆ ದೋಷವಿಲ್ಲ, ಆದರೂ ಹೋಗುವಾಗ ಅವಳು ಸೆರಗು ಹತ್ತಿರಕ್ಕೆ ಎಳೆದುಕೊಂಡು ದಾಟಿದಳು.

ಹೊರಗೆ ಮಳೆ ಹನಿಯುತ್ತಿತ್ತು. ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆವು. ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಳ್ಳುತ್ತ ಅವಳು ಹೇಳಿದಳು.

"ಅವತ್ತು ಇದೇ ಕ್ಯೂನಿಂದ ಹೊರಗೆ ಬಂದು ಯಂಗೆ ಔಷಧಿ ತಗಂಡಿದ್ದ ಅಲ್ದಾ ಅಕ್ಕಾ. ಅಗೋ, ಅದೇ ಅಂಗಡಿ ಆಗಿಕ್ಕು."

ಎದುರಿಗೆ ಔಷಧಿ ಅಂಗಡಿ ಇತ್ತು. ನಾನು ಆ ಕಡೆ ನೋಡಿದೆ.

"ಆನು ಪೂರ್ತಿ ಬಾಟಲಿ ಕುಡಿದ್ದೆ" ಎಂದಳು. "ಕೆಮ್ಮು ಗುಣ ಆಗಿತ್ತು."